ಇರ್ಲ್, ಪಗೆಲ್

ಹೊಯ್ಗೆ ಬಜಾರಿನ ನಮ್ಮ ಶಾಲೆಯ ಆರನೇ ಕ್ಲಾಸಿನ ಪಾಠದಲ್ಲಿ
ಗ್ರೀಸಿಗೆ ಸಿಕ್ಕಿದ್ದು ಎರಡೂವರೆ ಪುಟ:
ಒಂದು ಯುದ್ಧ, ಒಂದು ಕಂಬಸಾಲು, ಮೂಗು ಮುರಿದ ಒಬ್ಬ ಗಡ್ಡದವ.
‘ಟೀಚರ್, ಅವರಲ್ಲಿ ಮಕ್ಕಳೇ ಇರ್ಲಿಲ್ವಾ?’
ಕೇಳಿದವಳು ಕೊನೇ ಬೆಂಚಿನ ಝುಲೈಖಾ.
ಕೇಳಿದವಳೇ ಕಿಟಕಿಯಾಚೆ ನೋಡುತ್ತ ಕೂತಳು,
ಉತ್ತರ ಬರುವ ನಂಬಿಕೆ ಇಲ್ಲದವಳ ಹಾಗೆ.

ಶನಿವಾರ ನಾನು ಪುಸ್ತಕ ತರಲಿಲ್ಲ.
ಬಂದರಿನ ಚೆಯ್ಯಬ್ಬಾಕರ ಮಾಂಸದಂಗಡಿಯಿಂದ
ಆಡಿನ ಹಿಂಗಾಲಿನ ಗಿಣ್ಣಿನೆಲುಬು ತಂದೆ, ಐದು.
ಸೋಡಾಪುಡಿಯಲ್ಲಿ ಕುದಿಸಿ, ತಾರಸಿಯಲ್ಲಿ ಒಣಗಿಸಿ,
ಕಾಗೆಯಿಂದ ಎರಡು ಸಲ ಕಾಪಾಡಿ.
(‘ಸೂಪಿಗಾ ಟೀಚರಮ್ಮ?’ ‘ಅಲ್ಲ, ಇತಿಹಾಸಕ್ಕೆ.’
ಅವರು ದುಡ್ಡು ಮುಟ್ಟಲಿಲ್ಲ.)

ಮೇಲಕ್ಕೆ ಹಾರಿಸಿ, ಕೈ ಮಗುಚಿ, ಬೆನ್ನಗೈ ಮೇಲೆ ಹಿಡಿಯುವುದು,
ಬಿದ್ದದ್ದನ್ನು ಉಳಿದದ್ದು ಬೀಳದಂತೆ ಹೆಕ್ಕುವುದು.
‘ಇದು ನಮ್ಮ ಕಲ್ಲಾಟ! ಅವರು ಕದ್ದದ್ದು!’
ತ್ರಿಷಾ ಪುತ್ರನ್ ಎದ್ದೇ ನಿಂತಳು.
ಯಾರೂ ಕದಿಯಲಿಲ್ಲ ಮಾರಾಯ್ತಿ.
ಅಲ್ಲಿಯೂ ಕೈಯಿತ್ತು, ಕಲ್ಲಿತ್ತು,
ದೊಡ್ಡವರು ಮಲಗಿದ ಮಧ್ಯಾಹ್ನವಿತ್ತು.

ಮದುವೆಗೆ ಮುಂಚೆ ಅಲ್ಲಿಯ ಹುಡುಗಿಯರು
ಗೊಂಬೆ, ಚೆಂಡು ಎಲ್ಲ ದೇವಿಗೆ ಒಪ್ಪಿಸಿಬಿಡುತ್ತಿದ್ದರು ಎಂದೆ.
ಫ್ಯಾನಿನ ಸದ್ದು ಮಾತ್ರ ಸ್ವಲ್ಪ ಹೊತ್ತು.
‘ವಾಪಸ್ ಕೊಡ್ತಾರಾ?’
ಇಲ್ಲ.
‘ಹಾಗಾದ್ರೆ ನಾನು ಹಳೇದು ಕೊಡುದು,’ ಅಂದಳು ಝುಲೈಖಾ.

ಆಮೇಲೆ ಅಂಗಳ.
ಮುಚ್ಚಿದ ಹಂಚಿನ ಕಾರ್ಖಾನೆಯ ಗೋಡೆಗೆ ತಾಗಿ
ಒಡೆದ ಹಂಚು ಬೇಕಾದಷ್ಟು.
ಒಂದು ಚೂರಿನ ಒಂದು ಮೈಗೆ
ಮಾವನ ದೋಣಿಯ ಡಾಂಬರು ಬಳಿದು ತಂದ ನಿಹಾಲ್ ಕರ್ಕೇರ.
ಕಪ್ಪು ರಾತ್ರಿ, ಕೆಂಪು ಹಗಲು. ಎರಡು ತಂಡ, ನಡುವೆ ಒಂದು ಗೆರೆ.
ಹಾರಿಸಿದ್ದು ಕಪ್ಪಾಗಿ ಬಿದ್ದರೆ ರಾತ್ರಿಯವರು ಅಟ್ಟಬೇಕು,
ಹಗಲಿನವರು ಓಡಬೇಕು.
ಸಿಕ್ಕಿಬಿದ್ದವ ಕತ್ತೆ; ಆಟ ಮುಗಿಯುವವರೆಗೆ ಕೂರಬೇಕು.
ಗ್ರೀಕರ ಮಕ್ಕಳು ಏನು ಕೂಗುತ್ತಿದ್ದರೋ,
ನಮ್ಮವರು ನನ್ನನ್ನು ಕೇಳದೆ ತುಳುವಿಗೆ ಇಳಿದರು:
ಇರ್ಲ್! ಪಗೆಲ್! ಇರ್ಲ್!

ಹನ್ನೆರಡೂವರೆಗೆ ರೋಯ್ಡನ್‌ನ ಅಜ್ಜಿ ಬಂದರು, ಸೆರಾಫಿನ್ ಬಾಯಿ,
ಕರೆದುಕೊಂಡು ಹೋಗಲು, ಒಂದು ಕೈಯಲ್ಲಿ ಮೀನಿನ ಚೀಲ.
ಹಂಚಿನ ಚೂರು ಹೆಕ್ಕಿ ಉಗುರಿನಿಂದ ಕೆರೆದು
ಮೂಗಿಗೆ ಹಿಡಿದರು.
‘ಬೇಯಲಿಲ್ಲ ಇದು ಸಮ. ಮಳೆಗಾಲದ ಭಟ್ಟಿಯದ್ದು.’
ಹನ್ನೊಂದನೇ ವರ್ಷಕ್ಕೆ ಒಳಗೆ ಹೋದವರು,
ತಲೆಯಲ್ಲಿ ಹಸಿ ಹಂಚು, ಎಂಟೆಂಟು.
‘ನೀವು ಏನು ಆಡ್ತಿದ್ರಿ?’ ಕೇಳಿದ್ದು ನಾನೇ,
ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಒಂದು ಸಲ, ಅಂದರು, ಒಂದೇ ಸಲ.
ಅಂಗೈಯಷ್ಟು ಮಣ್ಣು ಕದ್ದು ಹಂದಿ ಮಾಡಿದ್ದು, ತಮ್ಮನಿಗೆ.
ಹೊಟ್ಟೆಯೊಳಗೆ ಎರಡು ಕಲ್ಲು.
ಹಂಚುಗಳ ಸಂದಿಯಲ್ಲಿ ಅಡಗಿಸಿ ಭಟ್ಟಿಗೆ ಕಳಿಸಿದ್ದು.
ತೆಗೆಯುವ ದಿನ ರೈಟರನ ಕೈಗೆ ಸಿಕ್ಕಿತು.
ಬಯ್ಯಲಿಲ್ಲ ಅವ. ಕಿವಿ ಹತ್ತಿರ ಕುಲುಕಿ ನೋಡಿ
ಕಿಸೆಗೆ ಹಾಕಿಕೊಂಡ.
‘ಅವನ ಮನೆಯಲ್ಲೂ ಮಗು ಇತ್ತಲ್ಲ.’

ನನ್ನ ಬ್ಯಾಗಿನಲ್ಲಿ ಒಂದು ಚಿತ್ರವಿತ್ತು, ತೋರಿಸದೆ ಉಳಿದದ್ದು:
ಎರಡು ಸಾವಿರ ವರ್ಷಕ್ಕೂ ಹಿಂದಿನ ಮಣ್ಣಿನ ಗಿಲಿಕೆ,
ಹಂದಿಯ ಆಕಾರ.
ಮಾಡಿದವರ ಹೆಸರು ಅಡಿಯಲ್ಲಿ ಇಲ್ಲ.
ಕೊಡಲೋ ಬೇಡವೋ ಎಂದು ಕೊಟ್ಟೆ.
ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು.
‘ಬಾಲ ಸರಿ ಇಲ್ಲ.’

ಅಷ್ಟರಲ್ಲಿ ನಿಹಾಲ್ ಹಂಚು ಹಾರಿಸಿದ. ಇರ್ಲ್!
ಓಡುವವರ ನಡುವೆ ನಿಂತಿದ್ದರಲ್ಲ,
ಝುಲೈಖಾ ಅವರ ಸೆರಗನ್ನೇ ಹಿಡಿದಳು.
‘ಅಜ್ಜಿ ಸಿಕ್ಕಿದ್ರು! ಅಜ್ಜಿ ಕತ್ತೆ! ಕೂತ್ಕೊಳ್ಳಿ!’
‘ಕೂರುದಾ?’ ಸೆರಾಫಿನ್ ಬಾಯಿ ನನ್ನ ಮುಖ ನೋಡಿದರು.
‘ಕೂರುದು ಶಿಕ್ಷೆಯಾ, ಟೀಚರ್?’
ಮೀನಿನ ಚೀಲ ಬದಿಗಿಟ್ಟು, ಮೆಟ್ಟಿಲ ಮೇಲೆ,
ಕಾಲು ನೀಡಿ.